ಟೀವಿಯ ಮೂಲೆಯಲ್ಲಿ ಕಳೆದ ಮಳೆಗಾಲ

ಮೊನ್ನೆ ಬಸವಾಪಟ್ಟಣದಲ್ಲಿ ಒಂದು ಲೈನು ರಿಪೇರಿ ಮುಗಿಸಿ, ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಮಂಡಕ್ಕಿ ಮೆಣಸಿನಕಾಯಿ ಮುಂದಿಟ್ಟುಕೊಂಡು ಕೂತಿದ್ದೆ. ಹೊರಗೆ ಜಿಟಿಜಿಟಿ ಮಳೆ. ಗೋಡೆಯ ಮೇಲಿನ ಟೀವಿಯಲ್ಲಿ ಯಾವುದೋ ಚಾನಲ್ಲು ತನ್ನ ಬೆನ್ನು ತಾನೇ ತಟ್ಟಿಕೊಳ್ಳುತ್ತಿತ್ತು. ಹೊಸ ರೂಪವಂತೆ, ಹೊಸ ಗುರುತಂತೆ, ನಿಮಗಾಗಿಯಂತೆ. ಬಣ್ಣಗಳೆಲ್ಲ ಚಿಮ್ಮಿ, ಹಾರಿ, ಡೋಲು ಬಡಿದು, ಕೊನೆಗೆ ಪರದೆಯ ನಡುವೆ ಉಳಿದದ್ದು ಒಂದು ಚೌಕ, ಅದರೊಳಗೊಂದು ಸಣಕಲು ಅಕ್ಷರ. ಇಷ್ಟಕ್ಕೆ ಅಷ್ಟು ಗದ್ದಲ ಯಾಕೆ ಬೇಕಿತ್ತೋ.

ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ಹಿರಿಯರೊಬ್ಬರು, "ಏನ್ ಬದ್ಲಾತ್ರೀ ಇದ್ರಾಗೆ? ಹಳೇ ಧಾರಾವಾಹಿನೇ, ಹಳೇ ಅಳುನೇ" ಅಂದರು.

"ಮೂಲೆ ಬದ್ಲಾತು ನೋಡ್ರಿ" ಅಂದೆ.

"ಮೂಲೆ ಯಾರ್ ನೋಡ್ತಾರ್ರೀ!"

ಅವರಿಗೇನು ಹೇಳುವುದು. ನಾನು ನೋಡುತ್ತೇನೆ. ಕೇಬಲ್ ಕೆಲಸದವನು ಯಾರ ಮನೆಗೆ ಹೋದರೂ ಮೊದಲು ನೋಡುವುದು ಪರದೆಯ ಮೂಲೆಯನ್ನೇ. ನಡುವಿನ ಚಿತ್ರ ಓಡುತ್ತಿರುತ್ತದೆ, ಅದನ್ನು ನೋಡಿದರೆ ಏನೂ ತಿಳಿಯುವುದಿಲ್ಲ. ಮೂಲೆಯ ಗುರುತು ಮಾತ್ರ ಅಲುಗದೆ ಕೂತಿರುತ್ತದೆ. ಅದರ ಅಂಚು ಚೂಪಾಗಿದ್ದರೆ ಸಿಗ್ನಲ್ ಸರಿಯಿದೆ, ಅಂಚು ಕದಡಿದ್ದರೆ ಎಲ್ಲೋ ಜಾಯಿಂಟಿಗೆ ನೀರು ಇಳಿದಿದೆ. ಹೀಗೆ ಆಯುಷ್ಯವೆಲ್ಲ ಮೂಲೆ ನೋಡಿ ನೋಡಿ, ಊರವರು ಮೂಗು ಒರೆಸಿಕೊಂಡು ನೋಡಿದ ಒಂದು ಧಾರಾವಾಹಿಯ ಕಥೆಯೂ ನನಗೆ ಗೊತ್ತಿಲ್ಲ.

ಹೋಟೆಲಿನ ಟೀವಿಯ ಕೆಳಗೆ ಇಟ್ಟಿದ್ದ ಕೇಬಲ್ ಬಾಕ್ಸು ಕಾದಿತ್ತು. ಮಳೆಗೆ ತಂಪು ಹಿಡಿದ ಗೋಡೆ, ಅದಕ್ಕೆ ತಾಗಿಕೊಂಡ ಬಿಸಿ ಪ್ಲಾಸ್ಟಿಕ್ಕು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈಯಲ್ಲಿದ್ದ ಮೆಣಸಿನಕಾಯಿ ತಟ್ಟೆಗೆ ವಾಪಸ್ಸಿಟ್ಟೆ. ಕೆಲವು ವರ್ಷಗಳ ಹಿಂದಿನ ಒಂದು ಮಳೆಗಾಲವಿಡೀ ಚನ್ನಗಿರಿಯ ನಮ್ಮ ಮನೆಯಲ್ಲಿ ಈ ವಾಸನೆ ತುಂಬಿಕೊಂಡಿತ್ತು. ಬೆಳಗ್ಗೆ ಎದ್ದಾಗಿನಿಂದ ಮಲಗುವ ತನಕ ಟೀವಿ ಆರಿಸುತ್ತಿರಲಿಲ್ಲ. ಆ ಮಳೆಗಾಲವನ್ನು ನೆನೆದರೆ ಈಗಲೂ ಮೈಯೆಲ್ಲ ಸುಸ್ತು.

ನನ್ನ ಹೆಂಡತಿ ವಿಶಾಲಾಕ್ಷಿ. ನಮ್ಮ ಕೇಬಲ್ ಆಫೀಸು ಅಂದರೆ ಮಹಡಿಯ ಮೇಲಿನ ಎರಡು ಕೋಣೆ. ಒಳಗಿನದರಲ್ಲಿ ಮಷೀನುಗಳು, ಹೊರಗಿನದರಲ್ಲಿ ಒಂದು ಫೋನು, ಫೋನಿನ ಹಿಂದೆ ವಿಶಾಲ. ಕಂಬ ಹತ್ತುವುದು ನನ್ನ ಕೆಲಸ, ಬೈಸಿಕೊಳ್ಳುವುದು ಅವಳ ಕೆಲಸ. ಹಾಗಂತ ಸುಮ್ಮನೆ ಬೈಸಿಕೊಳ್ಳುವ ಪೈಕಿಯಲ್ಲ ಅವಳು. ಆ ಕಡೆಯಿಂದ ಒಂದು ಮಾತು ಬಂದರೆ ಈ ಕಡೆಯಿಂದ ಎರಡು, ಅದರ ಮೇಲೊಂದು ನಗು. ಜಗಳಕ್ಕೆಂದು ಫೋನು ಮಾಡಿದವರು ನಕ್ಕು ಇಟ್ಟುಬಿಡುತ್ತಿದ್ದರು.

ನಮ್ಮ ಕಡೆಯ ಜನ ಚಾನಲ್ಲುಗಳನ್ನು ಅವುಗಳ ಹೆಸರು ಹಿಡಿದು ಕೇಳಿದ್ದು ಕಡಿಮೆ. ಆ ಹೆಸರುಗಳು ಅರ್ಧ ಇಂಗ್ಲಿಷು, ಅರ್ಧ ಯಾರಿಗೂ ಬೇಡದ್ದು. ಮೂಲೆಯ ಗುರುತು ಕಣ್ಣಿಗೆ ಹೇಗೆ ಕಂಡಿತೋ ಅದೇ ಹೆಸರು. ಸುರುಳಿ ಸುತ್ತಿದ ಗುರುತಿನದು ಚಕ್ಕುಲಿ. ಉರಿಯಂಥದ್ದೊಂದು ಮೇಲೆದ್ದು ನಿಂತದ್ದು ದೀಪ. ಬಾಲ ಡೊಂಕಾದ ಕೆಂಪು ಅಕ್ಷರದ ನ್ಯೂಸ್ ಚಾನಲ್ಲು ಹಲ್ಲಿ. ಹಾಗೆಯೇ ಗಾಳಿಪಟ, ಬೀಸಣಿಗೆ, ಕೊಡ. ದೊಡ್ಡ ಊರಿನಲ್ಲಿ ಕೂತು, ಹಣ ಸುರಿದು ಆ ಗುರುತು ಬರೆಸಿದವರ ಕಿವಿಗೆ ಇದು ಬಿದ್ದಿದ್ದರೆ ಎದೆ ಒಡೆದುಕೊಳ್ಳುತ್ತಿದ್ದರೇನೋ. ಉಬ್ರಾಣಿಯಿಂದ ಯಾರೋ, "ಅಕ್ಕಾ, ನಮ್ಮನೇಲಿ ಹಲ್ಲಿ ಬರ್ತಾ ಇಲ್ಲ" ಅಂದರೆ ವಿಶಾಲ, "ಪುಣ್ಯವಂತ್ರು ಬಿಡ್ರಿ ನೀವು, ನಮ್ಮನೆ ಗ್ವಾಡೆ ತುಂಬಾ ಅವೇ ಅದಾವೆ" ಅನ್ನುತ್ತಿದ್ದಳು. ಅಂದು ಸಂಜೆಯೊಳಗೆ ನನ್ನನ್ನು ಉಬ್ರಾಣಿಗೆ ಅಟ್ಟುತ್ತಿದ್ದಳು.

ಆ ಕಾಲದ ಗುರುತುಗಳೂ ಮೈ ಕೈ ತುಂಬಿಕೊಂಡು ಇದ್ದವು. ತುಪ್ಪ ಸವರಿದಂಥ ಹೊಳಪು, ಕೆಳಗೊಂದು ದಪ್ಪ ನೆರಳು. ಚಕ್ಕುಲಿ ಆಗಾಗ ನಿಂತಲ್ಲೇ ಒಂದು ಸುತ್ತು ತಿರುಗಿ ಮಿಂಚುತ್ತಿತ್ತು. ಆಮೇಲೆ ಬಂತು ನೋಡಿ, ಒಂದೊಂದೇ ಕಿತ್ತು ಹಾಕುವ ಕಾಲ. ಮೊದಲು ನೆರಳು ಹೋಯಿತು, ಆಮೇಲೆ ಹೊಳಪು, ಆಮೇಲೆ ಆಕಾರವೇ. ಮೊಬೈಲಿನ ಸಣ್ಣ ಪರದೆಯಲ್ಲಿ ನೆಟ್ಟಗೆ ಕಾಣಲಿ ಅಂತ ಹಾಗೆ ಮಾಡುತ್ತಾರಂತೆ. ಚಕ್ಕುಲಿ ಒಂದು ಬೆಳಗ್ಗೆ ಬರೀ ಉಂಗುರವಾಗಿತ್ತು. ಗಾಳಿಪಟದ ಬಾಲ ಕತ್ತರಿಸಿದರು. ಕೊಡ ಹೋಗಿ ಎರಡು ಗೀಟು ಬಂತು. ಆದರೂ ಜನ ಹಳೆ ಹೆಸರು ಬಿಡಲಿಲ್ಲ, ಆ ಎರಡು ಗೀಟಿಗೂ ಕೊಡ ಅಂತಲೇ ಕೇಳುತ್ತಿದ್ದರು, ವಿಶಾಲ ಹಾಗೆಯೇ ಉತ್ತರ ಕೊಡುತ್ತಿದ್ದಳು. ನಾನು ಹೇಳುತ್ತಿರುವ ಮಳೆಗಾಲದ ಹೊತ್ತಿಗೆ ಹಳೆಯ ಮೈಯಲ್ಲಿ ಉಳಿದಿದ್ದವು ದೀಪ ಮತ್ತು ಹಲ್ಲಿ ಮಾತ್ರ.

ಮುಂಗಾರು ಇನ್ನೂ ಹಿಡಿದಿರಲಿಲ್ಲ. ಒಂದು ಬೆಳಗ್ಗೆ ನಾನು ಒಳಗಿನ ಕೋಣೆಯಲ್ಲಿ ವೈರು ಬಿಡಿಸುತ್ತಾ ಇದ್ದೆ. ಹೊರಗೆ ಫೋನಿನಲ್ಲಿ ಮಾತಾಡುತ್ತಿದ್ದವಳು ನಡುವೆಯೇ ನಿಂತಳು. ಸ್ವಲ್ಪ ಹೊತ್ತಿಗೆ ಫೋನಿನಿಂದ "ಹಲೋ, ಅಕ್ಕಾ, ಹಲೋ" ಅಂತ ಯಾರೋ ಕೂಗುವುದು ಕೇಳಿಸಿ ಬಂದು ನೋಡಿದರೆ, ಫೋನು ಮಡಿಲಿಗೆ ಬಿದ್ದಿತ್ತು, ಅವಳ ಬಾಯಿ ಒಂದು ಕಡೆಗೆ ಇಳಿದಿತ್ತು. ದಾವಣಗೆರೆಗೆ ಒಯ್ದು ಆಸ್ಪತ್ರೆಗೆ ಸೇರಿಸಿದೆ. ಲಕ್ವ ಅಂದರು, ಜೀವಕ್ಕೇನೂ ತೊಂದರೆಯಿಲ್ಲ ಅಂದರು. ಮನೆಗೆ ಕರೆದುಕೊಂಡು ಬರುವಾಗ ಬಲಗೈ ಏಳುತ್ತಿರಲಿಲ್ಲ, ಬಲಗಾಲು ಎಳೆಯುತ್ತಿತ್ತು. ಮಾತೆಲ್ಲ ಹೋಗಿ ಒಂದೇ ಒಂದು ಶಬ್ದ ಉಳಿದಿತ್ತು. ಅದೇ.

ನೀರು ಬೇಕೆಂದರೂ "ಅದೇ", ಬೇಡವೆಂದರೂ "ಅದೇ". ನೋವು ಬಂದರೂ, ಸಿಟ್ಟು ಬಂದರೂ "ಅದೇ ಅದೇ ಅದೇ". ನಾವು ಹೇಳುವುದೆಲ್ಲ ಅವಳಿಗೆ ಅರ್ಥವಾಗುತ್ತಿತ್ತು, ತನ್ನ ಬಾಯಿಂದ ಬರುತ್ತಿರುವುದು ತಾನು ಹೇಳಬೇಕೆಂದದ್ದಲ್ಲ ಅನ್ನುವುದೂ ಅರ್ಥವಾಗುತ್ತಿತ್ತು. ಅದು ಎಲ್ಲಕ್ಕಿಂತ ದೊಡ್ಡ ಸಂಕಟ. ಇಡೀ ತಾಲ್ಲೂಕಿನ ಬಾಯಿ ಮುಚ್ಚಿಸುತ್ತಿದ್ದ ಹೆಂಗಸು ಗೋಡೆ ನೋಡುತ್ತಾ ಕೂತುಬಿಟ್ಟಳು.

ಆಸ್ಪತ್ರೆಯಲ್ಲಿ ಮಾತಿನ ಅಭ್ಯಾಸ ಮಾಡಿಸುವ ಮೇಡಂ ಒಬ್ಬರಿದ್ದರು. ವಯಸ್ಸು ಚಿಕ್ಕದು, ತಾಳ್ಮೆ ಬಹಳ. "ಶಬ್ದ ಎಲ್ಲೂ ಹೋಗಿಲ್ಲ ಸರ್, ಒಳಗೇ ಇದೆ, ಬಾಯಿಗೆ ಸಿಗ್ತಾ ಇಲ್ಲ. ಈ ಮೊದಲ ತಿಂಗಳುಗಳು ತುಂಬಾ ಮುಖ್ಯ, ಈಗ ಬಿಟ್ಟರೆ ಆಮೇಲೆ ಕಷ್ಟ. ಚಿತ್ರ ತೋರಿಸಿ ಹೆಸರು ಹೇಳಿಸಿ. ಮನೆಯವರನ್ನ ಕರೆಯೋದು ಅಭ್ಯಾಸ ಮಾಡಿಸಿ. ನಿಮ್ಮ ಹೆಸರು ಹೇಳ್ತಾರಾ ನೋಡಿ" ಅಂದರು.

ಅಂಥ ಹೊತ್ತಿನಲ್ಲೂ ನನಗೆ ನಗು ಬಂತು. "ನನ್ ಹೆಸ್ರು ಅವ್ಳು ಚೆನ್ನಾಗಿದ್ದಾಗ್ಲೇ ಹೇಳ್ದೋಳಲ್ಲ ಮೇಡಂ, ಈಗೆಲ್ಲಿಂದ ಹೇಳ್ಬೇಕು?" ಅಂದೆ. ಅವಳು ಗಂಡನ ಹೆಸರು ಹಿಡಿದು ಕರೆಯುವ ಪೈಕಿಯಲ್ಲ. "ರೀ" ಅನ್ನುತ್ತಿದ್ದಳು. ಅದರಲ್ಲೇ ಹತ್ತು ಬಗೆ. ಕೇಳಿದ ಕೂಡಲೇ ಸಿಟ್ಟೋ, ಊಟಕ್ಕೋ, ನೆಂಟರು ಬಂದಿದ್ದಾರೋ ತಿಳಿಯುತ್ತಿತ್ತು. ಆ "ರೀ" ಈಗ ಇರಲಿಲ್ಲ. ನಾನು ಬೇಕಾದರೆ ಎಡಗೈಯಲ್ಲಿ ಲೋಟ ಹಿಡಿದು ಮಂಚಕ್ಕೆ ಬಡಿಯುತ್ತಿದ್ದಳು. ಮಕ್ಕಳಿಲ್ಲದ ಮನೆ ನಮ್ಮದು. ಅವಳು ಕರೆಯದಿದ್ದರೆ ಆ ಮನೆಯಲ್ಲಿ ನನ್ನನ್ನು ಕರೆಯುವವರೇ ಇಲ್ಲ. ಉಳಿದ ಮಾತು ಬರದಿದ್ದರೆ ಹೋಗಲಿ, ನನ್ನನ್ನೊಂದು ಸಲ ಬಾಯಿ ತುಂಬಾ ಕರೆಯಲಿ ಅಂತ ಕಂಡ ದೇವರಿಗೆಲ್ಲ ಬೇಡಿಕೊಂಡೆ.

ಪೇಟೆಯಿಂದ ಚಿತ್ರದ ಪುಸ್ತಕ ತಂದೆ. ಮಾವಿನಹಣ್ಣು, ಹಸು, ಚೆಂಡು. ವಿಶಾಲ ಎರಡು ದಿನ ಅದನ್ನು ಸಹಿಸಿಕೊಂಡಳು, ಮೂರನೆಯ ದಿನ ಎಡಗೈಯಲ್ಲೇ ಬೀಸಿ ಒಗೆದಳು. ಐವತ್ತು ದಾಟಿದವಳ ಮುಂದೆ ಹಸು ಹಿಡಿದು "ಇದೇನು ಇದೇನು" ಅಂತ ಕೂತರೆ ಯಾರಿಗೆ ತಾನೇ ಮೈ ಉರಿಯುವುದಿಲ್ಲ? ನಾನೂ ಸೋತು ಸುಮ್ಮನಾದೆ. ಮಳೆ ಅವತ್ತೇ ಹಿಡಿದುಕೊಂಡಿತು. ಹೊತ್ತು ಹೋಗಲಿ ಅಂತ ಟೀವಿ ಹಾಕಿ, ಒಲೆಯ ಮೇಲೆ ಅನ್ನಕ್ಕಿಟ್ಟಿದ್ದೆ. ಒಳಗೆ ಅಕ್ಕಿ ಕುದಿಯುವ ಸದ್ದು, ಹೊರಗೆ ಮಳೆಯ ಸದ್ದು. ಅದರ ನಡುವೆ ನನ್ನ ಬೆನ್ನ ಹಿಂದೆ ಒಂದು ದನಿ ಕೇಳಿಸಿತು.

"ದೀಪ."

ಕರೆಂಟು ಹೋಯಿತೇನೋ, ದೀಪ ಹಚ್ಚಬೇಕೇನೋ ಅಂತ ತಿರುಗಿದೆ. ಕರೆಂಟು ಇತ್ತು. ವಿಶಾಲ ಟೀವಿಯ ಮೂಲೆಯನ್ನೇ ನೋಡುತ್ತಿದ್ದಳು. ಅಲ್ಲಿ ದೀಪದ ಗುರುತು ಬೆಳಗುತ್ತಾ ಇತ್ತು. ಓಡಿ ಬಂದು ಚಾನಲ್ಲು ಬದಲಿಸಿದೆ. ನ್ಯೂಸು ಬಂತು. ಅವಳ ತುಟಿ ಒದ್ದಾಡಿತು. "ಹಲ್ಲಿ" ಅಂದಳು. ಅಯ್ಯೋ ನನ್ನವ್ವ ಅಂತ ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅನ್ನ ತಳ ಹಿಡಿಯಿತು. ಆ ಹೊತ್ತಿನ ಊಟಕ್ಕೆ ಪಕ್ಕದ ಮನೆಯ ಗೌರಕ್ಕ ರೊಟ್ಟಿ ಕೊಟ್ಟಳು.

ಮುಂದಿನ ಸಲ ದಾವಣಗೆರೆಗೆ ಹೋದಾಗ ಮೇಡಂಗೆ ಹೇಳಿದೆ. ಹಿಂದಿನ ದಿನ ಅಂಗಡಿಯಿಂದ ನಿಜವಾದ ಚಕ್ಕುಲಿ ತಂದು ಅವಳ ಕೈಗಿಟ್ಟು ನೋಡಿದ್ದನ್ನೂ ಹೇಳಿದೆ. ವಿಶಾಲ ಅದಕ್ಕೆ "ಅದೇ" ಅಂದು ತಿಂದು ಮುಗಿಸಿದ್ದಳು. ಮೇಡಂ ನಕ್ಕರು. "ವರ್ಷಗಟ್ಟಲೆ ಫೋನಲ್ಲಿ ಅದೇ ಹೆಸರು ಹೇಳಿದಾರಲ್ಲ ಸರ್, ಆ ದಾರಿ ಸವೆದು ಗಟ್ಟಿಯಾಗಿದೆ. ತೆರೆದಿರೋ ದಾರಿಯಲ್ಲೇ ಹೋಗೋಣ. ಅಂಥ ಗುರುತು ಇನ್ನೂ ಸಿಕ್ಕರೆ ತೋರಿಸಿ" ಅಂದರು.

ಸಿಕ್ಕರೆ! ಅದೇ ತಾನೇ ಕಷ್ಟ. ಈಗಿನ ಉಂಗುರ ತೋರಿಸಿದರೆ ವಿಶಾಲಳ ಮುಖದಲ್ಲಿ ಏನೂ ಆಡುತ್ತಿರಲಿಲ್ಲ. ಬಾಲವಿಲ್ಲದ ಗಾಳಿಪಟಕ್ಕೂ ಅಷ್ಟೆ. ಅವಳ ಶಬ್ದಗಳೆಲ್ಲ ಹಳೆಯ, ಮೈದುಂಬಿದ ಗುರುತುಗಳ ಜೊತೆ ಹೋಗಿ ಕೂತಿದ್ದವು, ಅವು ಟೀವಿಯಿಂದ ಮಾಯವಾಗಿ ಎಷ್ಟೋ ಕಾಲವಾಗಿತ್ತು. ಮೊಬೈಲಿನಲ್ಲಿ ಹುಡುಕಿದೆ. ಕಾಳಿನಷ್ಟು ಚಿಕ್ಕವು ಸಿಕ್ಕವು, ದೊಡ್ಡದು ಮಾಡಿದರೆ ಮಸುಕು. ವಿಶಾಲ ಮುಖ ತಿರುಗಿಸಿದಳು. ಕೊನೆಗೆ ಹಳೆಯ ಕೇಬಲ್ ಗೆಳೆಯರನ್ನೇ ಹಿಡಿಯಬೇಕೆಂದು ಹೊರಟೆ. ಗೌರಕ್ಕ, "ನೀನು ಹೋಗಿ ಬಾರಪ್ಪ, ನಾನು ನೋಡ್ಕಂತೀನಿ" ಅಂದಳು.

ಮೊದಲು ಹೊನ್ನಾಳಿಗೆ ಹೋದೆ. ತುಂಗಭದ್ರೆ ಕೆಂಪಗೆ ಉಕ್ಕಿ ಹರಿಯುತ್ತಿದ್ದಳು, ಸೇತುವೆಯ ಮೇಲೆ ಜನ ನಿಂತು ನೋಡುತ್ತಿದ್ದರು. ಅಲ್ಲಿ ದಾದಾಪೀರ್ ಅಂತ ನನ್ನ ಹಳೆಯ ಸ್ನೇಹಿತ. ನನ್ನ ಹಾಗೆಯೇ ಕೇಬಲ್ ನಡೆಸಿದವನು, ಈಗ ಅದೇ ಅಂಗಡಿಯಲ್ಲಿ ಮೊಬೈಲ್ ಕವರು ಮಾರುತ್ತಾನೆ. ನಾನು ಬಂದ ಕಾರಣ ಹೇಳಿದಾಗ ಅವನು ಮೊದಲು ನನ್ನನ್ನೇ ದಿಟ್ಟಿಸಿದ.

"ಅಲ್ಲೋ ನಾಗಣ್ಣ, ಔಷಧಿಗೆ ಅಂತ ಬೇರು ನಾರು ಹುಡ್ಕೋರ್ನ ನೋಡಿದೀನಿ. ಸ್ಟಿಕ್ಕರ್ ಹುಡ್ಕೋನ್ನ ಇವತ್ತೇ ನೋಡಿದ್ದು!" ಅಂದ. ಆಮೇಲೆ ನನ್ನ ಮುಖ ನೋಡಿ ದನಿ ಇಳಿಸಿದ. "ಫಿಕರ್ ಮಾಡಬ್ಯಾಡ. ಅಟ್ಟದ ಮ್ಯಾಲೆ ಐತೆ ನೋಡಾನ ಬಾ. ಭಾಬಿ ಮಾತಾಡ್ಲಿ, ನಂಗೆ ಅಷ್ಟೇ ಸಾಕು."

ಹಿಂದೆಲ್ಲ ಚಾನಲ್ಲಿನವರು ನಮ್ಮಂಥವರ ಅಂಗಡಿಗೆ ಅಂಟಿಸಲು ದೊಡ್ಡ ದೊಡ್ಡ ಸ್ಟಿಕ್ಕರು ಕಳಿಸುತ್ತಿದ್ದರು. ದಾದಾಪೀರ್ ಏಣಿ ಹಾಕಿ ಹತ್ತಿ, ಧೂಳು ಕುಡಿದು, ಕೆಮ್ಮುತ್ತಾ ಒಂದು ಸುರುಳಿ ಇಳಿಸಿದ. ಗಾಳಿಪಟ ಇತ್ತು, ಬಾಲದ ಸಮೇತ. ಬೀಸಣಿಗೆ ಇತ್ತು. ಕೌಂಟರಿನ ಮೇಲೆ ಹರಡಿ ಇಬ್ಬರೂ ನೋಡುತ್ತಾ ನಿಂತೆವು. ಎಂಥ ಬಣ್ಣಗಳು ಅವು! ಇಂದಿನವರ ಕಣ್ಣಿಗೆ ಅತಿಯಾಯಿತು ಅನ್ನಿಸಬಹುದು, ಮದುವೆ ಮನೆಯ ಚಪ್ಪರದ ಹಾಗೆ ಎಲ್ಲ ಬಣ್ಣ ಒಟ್ಟಿಗೆ. ಆದರೆ ಯಾರೋ ಕೂತು, ಜನಕ್ಕೆ ಇಷ್ಟವಾಗಲಿ ಅಂತ ಆಸೆಪಟ್ಟು ಮಾಡಿದ್ದು ಅನ್ನುವುದು ಕಾಣುತ್ತಿತ್ತು. "ಈಗಿನವು ಸರ್ಕಾರಿ ಆಫೀಸಿನ ಬೋರ್ಡ್ ಇದ್ದಂಗೆ ಅದಾವೆ" ಅಂದ ದಾದಾಪೀರ್.

ವಿಶಾಲ ಅವನ್ನು ನೋಡಿ "ಗಾಳಿಪಟ" ಅಂದಳು, ಸ್ವಲ್ಪ ಹೊತ್ತು ಒದ್ದಾಡಿ "ಬೀಸಣಿಗೆ" ಅಂದಳು. ಮಂಚದ ಎದುರಿನ ಗೋಡೆಗೆ ಅಂಟಿಸಿದೆ. ಆ ಆಷಾಢವೆಲ್ಲ ನಮ್ಮ ಮನೆಯಲ್ಲಿ ಇದೇ ಪಾಠ. ಬೆಳಗ್ಗೆ ಎದ್ದು ಅವಳ ಮುಖ ತೊಳೆದು, ತಲೆ ಬಾಚಿ, ಕಾಫಿ ಕುಡಿಸಿ ಪಾಠ. ಆಮೇಲೆ ಮಳೆಯಲ್ಲಿ ಕಂಬ ಹತ್ತುವುದು, ನಡುವೆ ಓಡಿ ಬಂದು ಊಟ ಮಾಡಿಸುವುದು, ಸಂಜೆ ಮತ್ತೆ ಪಾಠ. ಒಗೆದ ಸೀರೆ ಒಣಗುತ್ತಿರಲಿಲ್ಲ, ಮನೆಯೊಳಗೆಲ್ಲ ಹಗ್ಗ ಕಟ್ಟಿದ್ದೆ. ದಾರಿಯಲ್ಲಿ ಸಿಕ್ಕವರೆಲ್ಲ "ಮಾತು ಬಂತಾ?" ಅಂತ ಕೇಳುತ್ತಿದ್ದರು. ಬಂತು ಅನ್ನಲೋ ಇಲ್ಲ ಅನ್ನಲೋ? ಗೋಡೆಯ ಮೇಲಿನದನ್ನೆಲ್ಲ ಅವಳು ಹೇಳುತ್ತಿದ್ದಳು, ನನ್ನನ್ನು ಮಾತ್ರ ಲೋಟ ಬಡಿದೇ ಕರೆಯುತ್ತಿದ್ದಳು. ಗೋಡೆಯಿಂದ ಒಂದು ಶಬ್ದವೂ ಕೆಳಗಿಳಿದು ನಮ್ಮ ನಡುವೆ ಬರಲಿಲ್ಲ.

ಚಕ್ಕುಲಿ ಇನ್ನೂ ಸಿಕ್ಕಿರಲಿಲ್ಲ. ಅದು ಸಿಕ್ಕಿದ್ದು ನ್ಯಾಮತಿಯಲ್ಲಿ, ವಿಶಾಲಳ ತಂಗಿ ಶಶಿಕಲಾಳ ಮನೆಯಲ್ಲಿ. ನಮ್ಮ ಕಡೆ ಹಿಂದೆ ಒಂದು ಹುಚ್ಚಿತ್ತು. ಮದುವೆಯ ವಿಡಿಯೋದ ಮೂಲೆಯಲ್ಲಿ ಯಾವುದಾದರೂ ಚಾನಲ್ಲಿನ ಗುರುತು ಕೂರಿಸಬೇಕು, ಇಲ್ಲದಿದ್ದರೆ ಬೀಗರಿಗೆ ಸಮಾಧಾನವಿಲ್ಲ. ಗುರುತು ಇದ್ದರೆ ಮದುವೆ ಟೀವಿಯಲ್ಲಿ ಬಂದ ಹಾಗೆ ಕಾಣುತ್ತದೆ. ವಿಡಿಯೋದವರೂ ಕೇಳಿದ್ದನ್ನು ಹಾಕಿ ಕೊಡುತ್ತಿದ್ದರು. ಶಶಿಕಲಾಳ ಗಂಡನ ಮನೆ ಮೂಲ ಸವಳಂಗದ್ದು, ಮದುವೆ ಅಲ್ಲೇ ನಡೆದದ್ದು. ಅವರು ಆರಿಸಿಕೊಂಡದ್ದು ಚಕ್ಕುಲಿಯನ್ನು.

"ಭಾವ, ನಮ್ ಮದ್ವೆ ಸೀಡಿಯಾಗೆ ಚಕ್ಕುಲಿ ಐತಲ್ಲ, ತಿರುಗೋದು! ತಗಂಡು ಹೋಗ್ರಿ" ಅಂತ ಶಶಿಕಲಾನೇ ನೆನಪು ಮಾಡಿ ಕೊಟ್ಟಳು. ನಾನು ಗೆದ್ದವನ ಹಾಗೆ ಬೈಕು ಓಡಿಸಿಕೊಂಡು ಬಂದೆ. ನೆನೆದು ತೊಪ್ಪೆಯಾಗಿದ್ದರೂ ಬಟ್ಟೆ ಬದಲಿಸದೆ ಸೀಡಿ ಹಾಕಿದೆ. ಮಂಚದ ಮೇಲೆ ಅವಳ ಪಕ್ಕದಲ್ಲೇ ಕೂತೆ. ಮೂಲೆಯಲ್ಲಿ ಚಕ್ಕುಲಿ ಬಂತು, ಹೊಂಬಣ್ಣದ್ದು, ಒಂದು ಸುತ್ತು ತಿರುಗಿ ಮಿಂಚಿತು. "ಚಕ್ಕುಲಿ" ಅಂದಳು ವಿಶಾಲ, ಒಂಚೂರೂ ತಡವರಿಸದೆ. "ಭೇಷ್ ಕಣೇ! ಇನ್ನೊಂದ್ಸಲ ಹೇಳು" ಅಂದೆ. ಮತ್ತೆ ಹೇಳಿದಳು. ನಾನು ಮೂಲೆ ನೋಡುತ್ತಾ ಅದು ಮತ್ತೆ ತಿರುಗುವುದನ್ನೇ ಕಾಯುತ್ತಿದ್ದೆ. ನಡುವೆ ಧಾರೆಯೋ, ಊಟವೋ, ಏನು ನಡೆಯುತ್ತಿತ್ತೋ ನನಗೆ ಲಕ್ಷ್ಯವಿಲ್ಲ. ಹತ್ತಿದ ಅಭ್ಯಾಸ, ಸಾಯುವ ತನಕ ಬಿಡುವುದಿಲ್ಲ.

ಆಗ ಟೀವಿಯಿಂದ ಒಂದು ದನಿ ಕೇಳಿಸಿತು. "ಏ ಶಶೀ, ತಲೆ ಎತ್ತೇ! ನೆಲದಾಗೆ ಏನ್ ಹುಡುಕ್ತೀಯಾ? ಗಂಡು ಮ್ಯಾಲೆ ಐತೆ!" ಚಪ್ಪರದ ಜನವೆಲ್ಲ ಗೊಳ್ಳೆಂದು ನಕ್ಕರು. ಹಸಿರು ಸೀರೆ ಉಟ್ಟ ವಿಶಾಲ, ಮುಡಿ ತುಂಬಾ ಹೂವು, ಕೈಯಲ್ಲಿ ಅಕ್ಷತೆ, ಕ್ಯಾಮರಾದವನಿಗೂ ಏನೋ ರೇಗಿಸಿ ಅವನನ್ನೂ ನಗಿಸಿದಳು. ಮತ್ತೆ ಮಾತು, ಮತ್ತೆ ಮಾತು. ಪುಂಖಾನುಪುಂಖ. ನಾನು ರಿಮೋಟಿಗೆ ತಡಕಾಡುವಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. ಪಕ್ಕದಲ್ಲಿದ್ದ ವಿಶಾಲ ಎಡಗೈಯನ್ನು ಬಾಯಿಗೆ ಒತ್ತಿಕೊಂಡಿದ್ದಳು. ಕಣ್ಣೀರು ಬೆರಳ ಸಂದಿಯಿಂದ ಇಳಿಯುತ್ತಿತ್ತು. ಆಮೇಲೆ ಗೋಡೆಯ ಕಡೆ ಹೊರಳಿ ಮಲಗಿದಳು.

ಮಾರನೆಯ ದಿನ ದೀಪಕ್ಕೂ ಬಾಯಿ ಬಿಡಲಿಲ್ಲ, ಹಲ್ಲಿಗೂ ಬಿಡಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. "ಅದೇ" ಕೂಡ ಹೋಯಿತು. ಲೋಟ ಬಡಿಯುವುದನ್ನೂ ಬಿಟ್ಟಳು. ಬೇಕಾದದ್ದು ಕೇಳುವುದಕ್ಕಿಂತ ಬೇಡದೆ ಇರುವುದೇ ಮೇಲು ಅನ್ನಿಸಿತೇನೋ. ಮೇಡಂಗೆ ಫೋನು ಮಾಡಿದೆ. "ನಿಮ್ಮ ತಪ್ಪಲ್ಲ ಸರ್. ಅವರಿಗೆ ತಾವು ಕಳಕೊಂಡಿದ್ದು ಒಮ್ಮೆಗೇ ಕಂಡುಬಿಡ್ತು. ಒತ್ತಾಯ ಮಾಡಬೇಡಿ, ಜೊತೆಗಿರಿ" ಅಂದರು. ಜೊತೆಗಿದ್ದೆ. ಇನ್ನೆಲ್ಲಿಗೆ ಹೋಗಲಿ. ಆದರೆ ತಿಂಗಳುಗಳು ಜಾರುತ್ತಿದ್ದವು, ಮೊದಲ ತಿಂಗಳುಗಳು ಮುಖ್ಯ ಅಂದಿದ್ದರಲ್ಲ, ಅದು ಎದೆಯ ಮೇಲೆ ಕೂತಿತ್ತು.

ಶ್ರಾವಣ ಮುಗಿಯುವಾಗ ಜಗಳೂರಿಗೆ ಹೋದೆ. ಅಲ್ಲೊಂದು ಹಳೆಯ ಡಿಶ್ ಅಂಗಡಿಯ ಗೋಡೆಯ ಮೇಲೆ ಕೊಡದ ಗುರುತು ಬಣ್ಣದಲ್ಲಿ ಬರೆಸಿದ್ದು ಇನ್ನೂ ಇದೆ ಅಂತ ದಾದಾಪೀರ್ ಯಾರಿಂದಲೋ ತಿಳಿದು ಹೇಳಿದ್ದ. ಕೊಡ ಅಂದರೆ ವಿಶಾಲಳಿಗೆ ಇಷ್ಟ, ಅದರಲ್ಲಿ ಬರುವ ಹಳೆಯ ಹಾಡುಗಳಿಗಾಗಿ. ಚನ್ನಗಿರಿಯಲ್ಲಿ ಒಂದೇ ಸಮನೆ ಸುರಿಯುತ್ತಿದ್ದ ಮಳೆ ಜಗಳೂರಿಗೆ ಬರುವಷ್ಟರಲ್ಲಿ ಕಾಣಲಿಲ್ಲ. ರಣ ಬಿಸಿಲು, ಮೈಮೇಲಿನ ರೇನ್‌ಕೋಟು ನೋಡಿ ಜನ ನಕ್ಕರು. ಅಂಗಡಿ ಸಿಕ್ಕಿತು, ಈಗ ಅಲ್ಲಿ ಗೊಬ್ಬರ ಮಾರುತ್ತಾರೆ. ಗೋಡೆಯ ಮೇಲೆ ಕೊಡ ಇತ್ತು. ಕಂಠ ಉದುರಿತ್ತು, ಹೊಟ್ಟೆ ಅರ್ಧ ಉಳಿದಿತ್ತು.

ಮೊಬೈಲು ಹಿಡಿದು ಹಿಂದೆ ಮುಂದೆ ಸರಿದು ಫೋಟೋ ತೆಗೆಯುತ್ತಿದ್ದೆ. ಅಂಗಡಿಯವರು ಹೊರಗೆ ಬಂದರು. "ಏನ್ರೀ ಅದು? ನಾಡಿದ್ದು ಸುಣ್ಣ ಹೊಡಿಸ್ತಾ ಇದೀವಿ. ಅಷ್ಟು ಬೇಕಿದ್ರೆ ಗ್ವಾಡೆನೇ ತಗಂಡು ಹೋಗ್ರಿ" ಅಂದರು. ತಮಾಷೆಗೆ ಅಂದದ್ದು, ಕೆಟ್ಟ ಮನಸ್ಸಿನಿಂದಲ್ಲ. ನಾನು ಮಾತ್ರ ಅವರ ಮೆಟ್ಟಿಲ ಮೇಲೆ ಕೂತುಬಿಟ್ಟೆ. ತಲೆ ನೆಟ್ಟಗಿರುವ ಯಾವ ಗಂಡಸು ಹೆಂಡತಿಯನ್ನು ಊರಲ್ಲಿ ಬಿಟ್ಟು ಉದುರಿದ ಕೊಡದ ಫೋಟೋ ತೆಗೆಯಲು ಬರುತ್ತಾನೆ? ಸುಣ್ಣ ಹೊಡೆಯುವುದನ್ನು ನಾನು ಎಲ್ಲೆಲ್ಲಿ ತಡೆಯಲಿ? ಅಂಗಡಿಯವರು ಗಾಬರಿಯಾಗಿ ನೀರು ತಂದು ಕೊಟ್ಟರು. ಕುಡಿದು, ಬಸ್ಸು ಹಿಡಿದು ವಾಪಸ್ಸು ಬಂದೆ. ಫೋಟೋ ತೋರಿಸಿದರೆ ವಿಶಾಲ ಕಣ್ಣೆತ್ತಿಯೂ ನೋಡಲಿಲ್ಲ.

ಆ ವಾರವೇ ದೀಪದ ಚಾನಲ್ಲಿನವರು ಡಂಗುರ ಹೊಡೆಯಲು ಶುರುಮಾಡಿದರು. ಭಾನುವಾರದಿಂದ ಹೊಸ ರೂಪ. ಉಳಿದಿದ್ದ ಎರಡರಲ್ಲಿ ಒಂದಕ್ಕೂ ಕಲ್ಲು ಬಿತ್ತು. ಆ ಕೋಣೆಯಲ್ಲಿ ಅವಳು ಮೊದಲು ಆಡಿದ ಮಾತು ಅದು, ಅದೂ ಕಣ್ಣೆದುರೇ ಅಳಿಸಿ ಹೋಗುತ್ತದಲ್ಲ ಅಂತ ಸಂಕಟವಾಯಿತು. ಭಾನುವಾರ ಸಂಜೆ ಟೀವಿ ಆರಿಸಿಬಿಡೋಣ ಅಂದುಕೊಂಡೆ. ರಿಮೋಟು ವಿಶಾಲಳ ಎಡಗೈಯಲ್ಲಿತ್ತು. ಕೇಳಿದರೆ ಕೊಡಲಿಲ್ಲ. ಗೋಡೆಗೆ ಒರಗಿ ಕೂತು ನೋಡುತ್ತಲೇ ಇದ್ದಳು.

ದೀಪ ಪರದೆಯ ತುಂಬಾ ದೊಡ್ಡದಾಗಿ ಬಂತು. ವೀಣೆ, ತಬಲಾ, ಚಪ್ಪಾಳೆ. ಉರಿ ಕುಗ್ಗುತ್ತಾ ಕುಗ್ಗುತ್ತಾ ಚುಕ್ಕೆಯಾಯಿತು, ಚುಕ್ಕೆ ಬೆಳೆದು ಬೂದು ಬಣ್ಣದ ಒಂದು ಗುಂಡು ಬಿಲ್ಲೆಯಾಯಿತು. ಬೇರೆ ಏನೂ ಇಲ್ಲ. ಅಕ್ಷರವಿಲ್ಲ, ನೆರಳಿಲ್ಲ, ಹೊಳಪಿಲ್ಲ. ಅದು ಹೋಗಿ ಮೂಲೆಯಲ್ಲಿ ಕೂತಿತು, ಧಾರಾವಾಹಿ ಶುರುವಾಯಿತು.

ವಿಶಾಲ ಅದನ್ನೇ ದಿಟ್ಟಿಸಿದಳು. ನಾನು ಸತ್ತ ದನಿಯಲ್ಲಿ, "ದೀಪ" ಅಂದೆ. "ಇದೂ ದೀಪಾನೇ ಕಣೇ. ದೀಪ ಅನ್ನು."

ಅವಳು ನನ್ನ ಕಡೆ ತಿರುಗಿದಳು. ಇವನಿಗೇನು ಕಣ್ಣಿಲ್ಲವೇ ಅನ್ನುವ ಹಾಗೆ ನೋಡಿದಳು. "ಅಲ್ಲ" ಅಂದಳು.

ಅವಳ ತುಟಿ ಕೂಡಿತು, ಬಿಟ್ಟಿತು, ಮತ್ತೆ ಕೂಡಿತು. ಕುತ್ತಿಗೆಯ ನರ ಉಬ್ಬಿತು. ಸಹಾಯ ಮಾಡೋಣವೆಂದರೆ ಅವಳು ಏನು ಹೇಳಲು ಹೊರಟಿದ್ದಾಳೆಂದು ನನಗೆ ಗೊತ್ತಿಲ್ಲ.

"ಬ... ಬೋ..." ಅಂದಳು. ಕಣ್ಣು ಮುಚ್ಚಿ ತೆರೆದಳು. "ಬೋಳು."

ಆ ಹೆಸರು ಯಾರೂ ಫೋನಿನಲ್ಲಿ ಹೇಳಿದ್ದಲ್ಲ. ಉಬ್ರಾಣಿಯವರಲ್ಲ, ನಾನಲ್ಲ, ದಾದಾಪೀರನ ಅಟ್ಟದಲ್ಲಿ ಸಿಕ್ಕಿದ್ದಲ್ಲ. ಒಂದು ಗಳಿಗೆಯ ಹಿಂದೆ ಹುಟ್ಟಿದ ಗುರುತಿಗೆ ಅವಳೇ ಕೂತು, ನೋಡಿ, ಇಟ್ಟ ಹೆಸರು. ಅವಳಿಗೇ ನಗು ಬಂತು. ಬಾಯಿ ಇನ್ನೂ ಸೊಟ್ಟಗಿತ್ತು, ನಗುವೂ ಸೊಟ್ಟಗೇ ಬಂತು. ನಗುತ್ತಾ ನಗುತ್ತಾ ಅವಳ ಕಣ್ಣು ನನ್ನ ಮುಖಕ್ಕೆ ಬಂತು, ಅಲ್ಲಿಂದ ಮೇಲೇರಿ ನನ್ನ ತಲೆಗೆ ಹೋಗಿ ನಿಂತಿತು. ನನ್ನ ಕೂದಲು ಹೋಗಿ ಎಷ್ಟೋ ವರ್ಷವಾಗಿದೆ. ಎಡಗೈ ಎತ್ತಿ, ರಿಮೋಟಿನಿಂದಲೇ ತೋರಿಸಿದಳು.

"ನೀವೂ" ಅಂದಳು. ಉಸಿರು ತೆಗೆದುಕೊಂಡಳು. "ನೀವೂ ಬೋಳು."

"ಹೂಂ ಕಣೇ, ನಾನೂ ಬೋಳೇ" ಅಂದೆ. ಮಂಚದ ಅಂಚಿನಲ್ಲಿ ಕೂತು ಗಂಡಸೆನ್ನುವುದನ್ನೂ ಮರೆತು ಅತ್ತೆ. ಅವಳು ನಗುತ್ತಲೇ ಇದ್ದಳು.